ಎಡೆದೊರೆ ನಾಡಿನ ಎಲ್ಲೆ

ಕನ್ನಡದಲ್ಲಿ ‘ಸೀಮೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ‘ಊರ ಸೀಮೆ ದಾಟಿದನು’ ಎಂದಾಗ ಸೀಮೆ ಎಂದರೆ ಎಲ್ಲೆ, ಗಡಿ, ಮೇರೆ. ‘ಬಯಲುಸೀಮೆ’, ‘ರಾಯಚೂರು ಸೀಮೆ’ ಎಂದಾಗ ಅದೇ ಶಬ್ದಕ್ಕೆ ಎಲ್ಲೆಯೊಳಗಿನ ನಾಡು ಎಂಬ ಅರ್ಥ. ಗೆರೆಗೂ ಗೆರೆಯೊಳಗಿನ ನೆಲಕ್ಕೂ ಒಂದೇ ಹೆಸರು. ನಾಡೆಂಬುದು ಇದ್ದರೆ ಅದಕ್ಕೊಂದು ಎಲ್ಲೆಯೂ ಇರಲೇಬೇಕು ಎಂಬ ಭಾವನೆ ಈ ಮಾತಿನಲ್ಲಿ ಅಡಗಿದೆ. ಆದರೆ ಆ ಎಲ್ಲೆ ಯಾವುದು? ಅದನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಗೆ ಉತ್ತರ ತೋರುವಷ್ಟು ಸುಲಭವಲ್ಲ.

ಹೊಲದ ಎಲ್ಲೆಗೆ ಬದುವಿದೆ. ಊರಿನ ಎಲ್ಲೆಗೆ ಗಡಿಕಲ್ಲಿದೆ. ಹಿಂದೆ ಅರಸರು ದಾನ ಕೊಟ್ಟಾಗ ಶಾಸನದಲ್ಲಿ ಆ ಭೂಮಿಯ ನಾಲ್ಕು ದಿಕ್ಕಿನ ಮೇರೆಗಳನ್ನೂ ಬರೆಯಿಸುತ್ತಿದ್ದರು. ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಮೊರಡಿ, ಬಡಗಲಿಗೆ ಕೆರೆಯ ಕೋಡಿ ಎಂಬಂತೆ ಕಣ್ಣಿಗೆ ಕಾಣುವ ಗುರುತುಗಳನ್ನೇ ಹೇಳುತ್ತಿದ್ದರು. ತಾಲೂಕು, ಜಿಲ್ಲೆ, ರಾಜ್ಯಗಳ ಗಡಿಗಳು ಸರ್ಕಾರದ ದಾಖಲೆಗಳಲ್ಲಿ ಸ್ಪಷ್ಟವಾಗಿವೆ. ಆದರೆ ‘ಉತ್ತರ ಕರ್ನಾಟಕ’, ‘ಬಯಲುಸೀಮೆ’, ‘ಮಲೆನಾಡು’ ಎಂಬ ನಾಡುಗಳಿಗೆ ಯಾವ ಊರಿನ ಹೊರಗೂ ಗಡಿಕಲ್ಲು ನೆಟ್ಟಿಲ್ಲ. ಅವು ಜನರ ಮಾತಿನಲ್ಲಿವೆ, ಮನಸ್ಸಿನಲ್ಲಿವೆ. ಮನಸ್ಸಿನ ಗೆರೆಯಾದುದರಿಂದ ಅದು ಹೇಳುವವರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ಅತ್ತಿತ್ತ ಸರಿಯುತ್ತದೆ.

ದೇವದುರ್ಗ ತಾಲೂಕಿನ ಹಳ್ಳಿಯೊಂದರ ಹುಡುಗನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ಓದಲೆಂದು ಬೆಂಗಳೂರಿಗೆ ಹೋದರೆ ಅಲ್ಲಿಯವರಿಗೆ ಅವನು ‘ಉತ್ತರ ಕರ್ನಾಟಕದ ಹುಡುಗ’. ಧಾರವಾಡದವನನ್ನೂ ಬೀದರಿನವನನ್ನೂ ಅವನನ್ನೂ ಅವರು ಒಂದೇ ಹೆಸರಿನಿಂದ ಕರೆಯುತ್ತಾರೆ. ಅದೇ ಹುಡುಗ ಧಾರವಾಡಕ್ಕೆ ಹೋದರೆ, ಅಲ್ಲಿನ ಹಿರಿಯರು ‘ಹೈದರಾಬಾದ್ ಕಡೆಯವ’ ಎನ್ನುತ್ತಾರೆ. ರಾಯಚೂರಿನ ಪೇಟೆಗೆ ಬಂದರೆ ‘ದೇವದುರ್ಗದ ಕಡೆಯವ’ನಾಗುತ್ತಾನೆ. ದೇವದುರ್ಗದ ಸಂತೆಯಲ್ಲಿ ಅವನು ‘ಹೊಳೆದಂಡೆಯವ’. ಹುಡುಗನೇನೋ ಒಬ್ಬನೇ, ನೋಡುವ ಕಣ್ಣು ದೂರವಾದಷ್ಟೂ ಅವನ ನಾಡು ದೊಡ್ಡದಾಗುತ್ತದೆ, ಹತ್ತಿರವಾದಷ್ಟೂ ಚಿಕ್ಕದಾಗುತ್ತದೆ.

ಇದು ಈ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ‘ಮಿಡ್‌ವೆಸ್ಟ್’, ಎಂದರೆ ನಡುಪಡುವಣ ನಾಡು, ಎಂಬ ಪ್ರದೇಶವೊಂದಿದೆ. ಭೂಪಟದಲ್ಲಿ ನೋಡಿದರೆ ಅದು ದೇಶದ ಪಶ್ಚಿಮದಲ್ಲಿಲ್ಲ, ನಡುವಿನ ಉತ್ತರ ಭಾಗದಲ್ಲಿದೆ. ಆ ದೇಶದ ಮೊದಲ ವಸತಿಗಳು ಪೂರ್ವದ ಕಡಲತೀರದಲ್ಲಿದ್ದ ಕಾಲದಲ್ಲಿ ಬೆಟ್ಟಸಾಲುಗಳ ಆಚೆಯದೆಲ್ಲವೂ ‘ಪಶ್ಚಿಮ’ವೇ ಆಗಿತ್ತು. ಜನರು ಇನ್ನೂ ಪಶ್ಚಿಮಕ್ಕೆ ಸರಿದು ಪೆಸಿಫಿಕ್ ಸಾಗರವನ್ನು ಮುಟ್ಟಿದ ಮೇಲೂ ಹಳೆಯ ಹೆಸರಿನ ನೆನಪು ಉಳಿಯಿತು. ಅಲ್ಲಿನ ಜನಗಣತಿಯ ಇಲಾಖೆ ಓಹಾಯೋದಿಂದ ಕಾನ್ಸಾಸಿನವರೆಗೆ 12 ರಾಜ್ಯಗಳನ್ನು ಮಿಡ್‌ವೆಸ್ಟ್ ಎಂದು ಎಣಿಸುತ್ತದೆ. ಆ ಇಲಾಖೆಯೂ 1984ರವರೆಗೆ ಅದನ್ನು ‘ಉತ್ತರ ಮಧ್ಯಭಾಗ’ ಎಂಬ ಅರ್ಥದ ಬೇರೊಂದು ಹೆಸರಿನಿಂದ ಕರೆಯುತ್ತಿತ್ತು. ಆದರೆ ಜನಸಾಮಾನ್ಯರು ಈ ಎಣಿಕೆಗೆ ಕಟ್ಟುಬಿದ್ದಿಲ್ಲ. ಕೆಲವರಿಗೆ ಮೆಕ್ಕೆಜೋಳ ಬೆಳೆಯುವ ಬಯಲೇ ಮಿಡ್‌ವೆಸ್ಟ್. ಕೆಲವರಿಗೆ ದೊಡ್ಡ ಸರೋವರಗಳ ದಂಡೆಯ ಕಾರ್ಖಾನೆಗಳ ಪಟ್ಟಣಗಳು ಮಿಡ್‌ವೆಸ್ಟ್. ಸರ್ಕಾರದ ಗೆರೆಯೂ ಜನರ ಗೆರೆಯೂ ಅಲ್ಲಿಯೂ ಒಂದಾಗಿಲ್ಲ.

ಈ ವಿಚಾರವನ್ನು ಚೆನ್ನಾಗಿ ತಿಳಿಯಲು ರಾಯಚೂರು ಸೀಮೆಗಿಂತ ಉತ್ತಮವಾದ ಉದಾಹರಣೆ ಸಿಗುವುದು ವಿರಳ. ಏಕೆಂದರೆ ಪ್ರಕೃತಿಯೇ ಎಲ್ಲೆ ಹಾಕಿಕೊಟ್ಟಂತೆ ಕಾಣುವ ನಾಡು ಇದು. ಉತ್ತರಕ್ಕೆ ಕೃಷ್ಣಾ ನದಿ, ದಕ್ಷಿಣಕ್ಕೆ ತುಂಗಭದ್ರಾ ನದಿ. ಎರಡು ಹೊಳೆಗಳ ಎಡೆಯಲ್ಲಿರುವುದರಿಂದ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಈ ಭಾಗವನ್ನು ‘ಎಡೆದೊರೆ ನಾಡು’ ಎಂದು ಕರೆದಿವೆ. ಎಡೆ ಮತ್ತು ತೊರೆ ಎಂಬ ಎರಡು ಪದಗಳು ಕೂಡಿ, ತಕಾರಕ್ಕೆ ದಕಾರವು ಆದೇಶವಾಗಿ ಬಂದು, ‘ಎಡೆದೊರೆ’ ಎಂಬ ಸೊಗಸಾದ ಹೆಸರಾಗಿದೆ. ಹನ್ನೊಂದನೆಯ ಶತಮಾನದಲ್ಲಿ ಚೋಳ ದೊರೆ ರಾಜೇಂದ್ರನು ತಾನು ಗೆದ್ದ ನಾಡುಗಳ ಪಟ್ಟಿಯಲ್ಲಿ ಇದನ್ನೇ ‘ಇಡೈತುರೈನಾಡು’ ಎಂದು ತಮಿಳಿನಲ್ಲಿ ಬರೆಯಿಸಿದನು. ಮುಂದೆ ಪಾರಸಿಯ ಬಳಕೆಯಿಂದ ‘ದೋಆಬ್’ ಎಂಬ ಹೆಸರು ಬಂದಿತು. ದೋ ಎಂದರೆ ಎರಡು, ಆಬ್ ಎಂದರೆ ನೀರು. ಪೂರ್ವದ ತೆಲುಗು ಜನರು ತಮ್ಮ ಭಾಗವನ್ನು ‘ನಡಿಗಡ್ಡ’ ಎಂದು ಕರೆಯುತ್ತಾರೆ. ಭಾಷೆ ಯಾವುದಾದರೂ ಹೆಸರಿನಲ್ಲಿ ಹೊಳೆಗಳ ನೆನಪಿದೆ. ಆಳಿದವರು ಬದಲಾದರು, ಆಡುವ ನುಡಿಗಳು ಬದಲಾದವು, ನೀರು ಮಾತ್ರ ಅಲ್ಲಿಯೇ ಹರಿಯಿತು.

ಹಾಗಾದರೆ ನದಿಗಳೇ ಎಲ್ಲೆ ಎಂದು ಹೇಳಿ ಮುಗಿಸಬಹುದೇ? ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ದೇವದುರ್ಗ ತಾಲೂಕಿನಿಂದ ಕೃಷ್ಣೆಯನ್ನು ದಾಟಿದರೆ ಸುರಪುರ, ಶಹಾಪುರಗಳ ಸೀಮೆ. ಅದು ಇಂದು ಯಾದಗಿರಿ ಜಿಲ್ಲೆಗೆ ಸೇರಿದೆ. ಆದರೆ ಅದೇ ಕರ್ನಾಟಕ, ಅದೇ ಕನ್ನಡ, ಅದೇ ಜೋಳದ ರೊಟ್ಟಿ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ದೇವದುರ್ಗದ ಕಡೆಯ ಜನರು ಹೊಳೆ ದಾಟಿಯೇ ಹೋಗುತ್ತಾರೆ. ದಕ್ಷಿಣದಲ್ಲಿ ಹರಿಯುವ ತುಂಗಭದ್ರೆಯೂ ಕೃಷ್ಣೆಯಂಥದೇ ನದಿ. ಅದರ ಆಚೆ ದಡ ಮಾತ್ರ ಬಹುಮಟ್ಟಿಗೆ ಆಂಧ್ರಪ್ರದೇಶಕ್ಕೆ ಸೇರಿದೆ. ಒಂದು ಹೊಳೆ ಜಿಲ್ಲೆಯ ಗಡಿ, ಇನ್ನೊಂದು ಹೊಳೆ ರಾಜ್ಯದ ಗಡಿ! ಇದಕ್ಕಿಂತಲೂ ವಿಚಿತ್ರವಾದುದು ಪೂರ್ವದಿಕ್ಕಿನ ಸ್ಥಿತಿ. ರಾಯಚೂರು ನಗರದಿಂದ ಗದ್ವಾಲಿನ ಕಡೆಗೆ ಹೋಗುವಾಗ ಯಾವ ದೊಡ್ಡ ನದಿಯೂ ಅಡ್ಡ ಬರುವುದಿಲ್ಲ. ನೆಲ ಒಂದೇ ಸಮನೆ ಹಬ್ಬಿದೆ. ಎರಡು ನದಿಗಳು ಒಂದಾಗುವುದು ಇನ್ನೂ ಮುಂದೆ, ಆಲಂಪುರದ ಬಳಿ. ಆದರೆ ರಾಜ್ಯದ ಗಡಿ ಈ ಬಯಲಿನ ನಡುವೆಯೇ ಹಾದುಹೋಗಿದೆ. ನದಿ ಇರುವಲ್ಲಿ ಕೆಲವೊಮ್ಮೆ ಎಲ್ಲೆಯಿಲ್ಲ, ಎಲ್ಲೆ ಇರುವಲ್ಲಿ ಕೆಲವೊಮ್ಮೆ ನದಿಯಿಲ್ಲ. ಪ್ರಕೃತಿ ಗೆರೆಗಳನ್ನು ಒದಗಿಸುತ್ತದೆ. ಅವುಗಳಲ್ಲಿ ಯಾವುದನ್ನು ಎಲ್ಲೆಯೆಂದು ಎಣಿಸಬೇಕೆಂಬುದನ್ನು ಮನುಷ್ಯರು ನಿರ್ಧರಿಸುತ್ತಾರೆ.

ಮನುಷ್ಯರ ನಿರ್ಧಾರಗಳಲ್ಲಿ ಹಳೆಯದು ಅರಸರ ಕತ್ತಿಯ ನಿರ್ಧಾರ. ಎರೆಮಣ್ಣಿನ ಫಲವತ್ತಾದ ಈ ನಾಡಿಗಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ ಮತ್ತೆ ಮತ್ತೆ ಕಾದಾಡಿದರು. ರಾಯಚೂರು ಮತ್ತು ಮುದಗಲ್ಲುಗಳ ಕೋಟೆಗಳು ಹಲವು ಸಲ ಕೈ ಬದಲಾಯಿಸಿದವು. 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದ ಸಂಗತಿಯನ್ನು ಪೋರ್ಚುಗೀಸ್ ವರ್ತಕ ನೂನಿಜ್ ವಿವರವಾಗಿ ಬರೆದಿಟ್ಟಿದ್ದಾನೆ. 1565ರ ಯುದ್ಧದ ತರುವಾಯ ಈ ನಾಡು ಬಿಜಾಪುರದ ವಶವಾಯಿತು. ಬಿಜಾಪುರವು 1686ರಲ್ಲಿ ಮೊಗಲರಿಗೆ ಸೋತ ಬಳಿಕ ಮೊಗಲರದಾಯಿತು. ಅನಂತರ ಹೈದರಾಬಾದಿನ ನಿಜಾಮರದಾಯಿತು. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದವಾದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿಚಾರವನ್ನು ಅದರ ಮೇಲೆ ತೆಲುಗಿನಲ್ಲಿ ಕೆತ್ತಲಾಗಿದೆ. ಅದೇ ಕೋಟೆಯಲ್ಲಿ ಮುಂದಿನ ದೊರೆಗಳು ಬೇರೆ ಭಾಷೆಗಳ ಶಾಸನಗಳನ್ನೂ ಬರೆಯಿಸಿದರು. ಎಡೆದೊರೆ ನಾಡು ಎಷ್ಟು ಜನರ ಸೀಮೆಯಾಗಿತ್ತೆಂಬುದಕ್ಕೆ ಆ ಗೋಡೆಗಳೇ ಸಾಕ್ಷಿ.

ಕತ್ತಿಯಿಂದ ಎಲ್ಲೆ ಬದಲಾದಂತೆ ಸಾಲದಿಂದಲೂ ಬದಲಾದುದುಂಟು. ಹೈದರಾಬಾದಿನಲ್ಲಿ ಇರಿಸಿದ್ದ ಸೈನ್ಯವೊಂದರ ವೆಚ್ಚದ ಬಾಕಿಯನ್ನು ನಿಜಾಮನು ತೀರಿಸಲಾರದೆ ಹೋದಾಗ, 1853ರ ಒಪ್ಪಂದದಂತೆ ಬೀರಾರದೊಡನೆ ರಾಯಚೂರು ದೋಆಬನ್ನೂ ಇಂಗ್ಲಿಷರ ಆಡಳಿತಕ್ಕೆ ಒಪ್ಪಿಸಬೇಕಾಯಿತು. ಏಳು ವರ್ಷಗಳ ಬಳಿಕ, 1860ರಲ್ಲಿ, ದೋಆಬ್ ನಿಜಾಮನಿಗೆ ಮರಳಿ ಬಂದಿತು. ಈ ಏಳು ವರ್ಷಗಳಲ್ಲಿ ಮಾನ್ವಿಯ ರೈತನು ತನ್ನ ಹೊಲದ ಬದುವನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಹೋಗಿರಲಾರನು. ಆದರೂ ಅವನ ನಾಡು ಎರಡು ಸಲ ಒಡೆಯರನ್ನು ಬದಲಾಯಿಸಿತು. ಮನುಷ್ಯನು ಗಡಿಯನ್ನು ದಾಟದಿದ್ದರೂ ಗಡಿ ಮನುಷ್ಯನನ್ನು ದಾಟಿಹೋಗಬಲ್ಲದು.

ಉಗಿಬಂಡಿಯ ಯುಗವು ಬಂದಾಗ ರಾಯಚೂರು ಬೇರೊಂದು ಬಗೆಯ ಎಲ್ಲೆಯಾಯಿತು. ಮುಂಬಯಿಯ ಕಡೆಯಿಂದ ಒಂದು ಕಂಪನಿಯೂ ಮದರಾಸಿನ ಕಡೆಯಿಂದ ಇನ್ನೊಂದು ಕಂಪನಿಯೂ ಹಾಕುತ್ತ ಬಂದ ರೈಲುಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಒಂದು ಕಂಪನಿಯ ಸೀಮೆ ಮುಗಿದು ಇನ್ನೊಂದರ ಸೀಮೆ ತೊಡಗುತ್ತಿದ್ದುದು ಇಲ್ಲಿಯೇ. ಆದರೆ ಪ್ರಯಾಣಿಕನಿಗೆ ಅದು ಕೊನೆಯಾಗಿರಲಿಲ್ಲ, ಕೂಡುದಾರಿಯಾಗಿತ್ತು. ಎಲ್ಲೆ ಎಂಬುದು ಎರಡನ್ನು ಬೇರ್ಪಡಿಸುವ ಸ್ಥಳವೂ ಹೌದು, ಎರಡು ಕೂಡುವ ಸ್ಥಳವೂ ಹೌದು ಎಂಬುದನ್ನು ಈ ನಿಲ್ದಾಣ ತೋರಿಸಿಕೊಟ್ಟಿತು.

ಸ್ವಾತಂತ್ರ್ಯಾನಂತರ ಎಲ್ಲೆ ಗೊತ್ತುಮಾಡಲು ಹೊಸ ಅಳತೆಗೋಲು ಬಂದಿತು. ಅದು ಭಾಷೆ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಆ ರಾಜ್ಯವನ್ನು ಭಾಷೆಗಳಿಗನುಸಾರವಾಗಿ ಮೂರಾಗಿ ಹಂಚಲಾಯಿತು. ಕನ್ನಡ ಭಾಗಗಳು ಅಂದಿನ ಮೈಸೂರು ರಾಜ್ಯಕ್ಕೆ, ತೆಲುಗು ಭಾಗಗಳು ಆಂಧ್ರಪ್ರದೇಶಕ್ಕೆ, ಮರಾಠಿ ಭಾಗಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ರಾಯಚೂರು ಜಿಲ್ಲೆ ಮೈಸೂರಿಗೆ ಬಂದಿತು. ಆದರೆ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಹೀಗೆ ಸಾವಿರ ವರ್ಷಗಳಿಂದ ಒಂದೇ ಹೆಸರು ಹೊತ್ತ ಎಡೆದೊರೆ ನಾಡು ಎರಡು ರಾಜ್ಯಗಳ ಪಾಲಾಯಿತು. ತೆಲುಗು ಮನೆಮಾತಿನವರು ತೆಲುಗಿನಲ್ಲಿ, ಕನ್ನಡ ಮನೆಮಾತಿನವರು ಕನ್ನಡದಲ್ಲಿ ಓದುವಂತಾದುದು ಸಣ್ಣ ಲಾಭವಲ್ಲ. ಉರ್ದು ಬಾರದ ರೈತನಿಗೆ ಹಿಂದೆ ತನ್ನ ಹೊಲದ ಕಾಗದಪತ್ರಗಳನ್ನೇ ಓದಲಾಗದಂಥ ಸ್ಥಿತಿಯಿತ್ತು. ಆ ಸ್ಥಿತಿ ತಪ್ಪಿದ್ದು ಈ ಹೊಸ ಗೆರೆಯಿಂದ.

ಆದರೂ ಭಾಷೆಯ ಅಳತೆಗೋಲು ಗಡಿಯ ಊರುಗಳಲ್ಲಿ ಸಾಕಾಗುವುದಿಲ್ಲ. ರಾಯಚೂರಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. ಎಷ್ಟೋ ಮಂದಿ ಮೂರರಲ್ಲಿಯೂ ವ್ಯವಹರಿಸಬಲ್ಲರು. ಹದಿನೆಂಟನೆಯ ಶತಮಾನದ ಹರಿದಾಸರ ಊರುಗಳನ್ನು ನೆನೆದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ವಿಜಯದಾಸರು ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ. ಅವರ ಶಿಷ್ಯರಾದ ಗೋಪಾಲದಾಸರು ಹುಟ್ಟಿದ್ದು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ. ಅವರು ಬಹುಕಾಲ ನೆಲಸಿ ಹೆಸರಾದುದು ಉತ್ತನೂರಿನಲ್ಲಿ. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯವರೆಂದೇ ಪ್ರಸಿದ್ಧರು. ಇಂದು ಉತ್ತನೂರು ತೆಲಂಗಾಣದಲ್ಲಿದೆ, ಮೊಸರಕಲ್ಲು ಕರ್ನಾಟಕದಲ್ಲಿದೆ. ಆ ದಾಸರಿಗೆ ಅದು ಒಂದೇ ನಾಡಾಗಿತ್ತು. ತುಂಗಭದ್ರೆಯ ಆಚೆ ದಡದ ಮಂತ್ರಾಲಯ ಆಂಧ್ರಪ್ರದೇಶದಲ್ಲಿದೆ. ಈಚೆ ದಡದ ಬಿಚ್ಚಾಲೆ ರಾಯಚೂರು ತಾಲೂಕಿನಲ್ಲಿದೆ. ಯಾತ್ರಿಕರು ಎರಡನ್ನೂ ಒಂದೇ ಯಾತ್ರೆಯಲ್ಲಿ ನೋಡಿಬರುತ್ತಾರೆ.

ಎಲ್ಲೆಯನ್ನು ಹುಡುಕುವ ಬದಲು ತಿರುಳನ್ನು ಹುಡುಕುವುದು ಇನ್ನೊಂದು ವಿಧಾನ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಎಲ್ಲೆಯನ್ನು ಹೇಳುತ್ತದೆ, ಜೊತೆಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡೇ ಕನ್ನಡದ ತಿರುಳೆಂದೂ ಹೇಳುತ್ತದೆ. ಅಂಚು ಮಸುಕಾಗಿದ್ದರೂ ತಿರುಳು ಸ್ಪಷ್ಟವಾಗಿರಬಹುದೆಂಬ ಸೂಕ್ಷ್ಮವಾದ ತಿಳಿವಳಿಕೆ ಇದರಲ್ಲಿದೆ. ಆದರೆ ತಿರುಳೂ ಶಾಶ್ವತವಲ್ಲ. ಆ ಕೊಪಣವೇ ಇಂದಿನ ಕೊಪ್ಪಳ. ಕನ್ನಡದ ತಿರುಳೆನಿಸಿದ್ದ ಆ ಊರು ಮುಂದೆ ಹೈದರಾಬಾದ್ ಸಂಸ್ಥಾನದ ದೂರದ ಅಂಚಿನ ಊರಾಯಿತು. ಆಮೇಲೆ ರಾಯಚೂರು ಜಿಲ್ಲೆಯ ತಾಲೂಕಾಗಿ, 1997ರಲ್ಲಿ ತಾನೇ ಒಂದು ಜಿಲ್ಲೆಯ ಕೇಂದ್ರವಾಯಿತು.

ಮಣ್ಣು ಮತ್ತು ನೀರುಗಳು ಕೂಡ ಎಲ್ಲೆಗಳನ್ನು ಬರೆಯುತ್ತವೆ. ರೈತನಿಗೆ ಎರೆ ಹೊಲ ಬೇರೆ, ಮಸಾರಿ ಹೊಲ ಬೇರೆ. ಜೋಳ, ಹತ್ತಿ, ತೊಗರಿ, ಸಜ್ಜೆಗಳ ಲೆಕ್ಕ ಈ ಭೇದವನ್ನು ಅನುಸರಿಸುತ್ತದೆ. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಜಂಟಿಯಾಗಿ 1945ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸವನ್ನು ಆರಂಭಿಸಿದವು. ಅದರ ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿಗಳ ಹೊಲಗಳಿಗೆ ಹರಿದ ಮೇಲೆ ಜೋಳದ ಸೀಮೆಯೊಳಗೆ ಭತ್ತದ ಸೀಮೆಯೊಂದು ಹುಟ್ಟಿತು. ಆಂಧ್ರದ ಕಡೆಯಿಂದ ಬಂದ ರೈತರ ವಸತಿಗಳು ‘ಕ್ಯಾಂಪು’ಗಳೆಂಬ ಹೆಸರಿನ ಊರುಗಳಾದವು. ಮುಂದೆ ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟಾದಾಗ ಅದರ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ನೀರು ಬಂದಿತು. ಈಗ ಒಂದೇ ತಾಲೂಕಿನಲ್ಲಿ ನೀರು ಬರುವ ಊರು, ನೀರು ಬಾರದ ಊರು ಎಂಬ ಎರಡು ಸೀಮೆಗಳಿವೆ. ಕಾಲುವೆಯ ಮೇಲ್ಭಾಗದವನು ನೀರು ಕಟ್ಟಿ ನಿಶ್ಚಿಂತನಾಗಿರುವಾಗ, ಕೊನೆಭಾಗದವನು ರಾತ್ರಿಯೆಲ್ಲ ತೂಬಿನ ಬಳಿ ಕಾದು ಕೂರುತ್ತಾನೆ. ಈ ಗೆರೆ ಯಾವ ಭೂಪಟದಲ್ಲಿಯೂ ಇಲ್ಲ. ಆದರೆ ಅವನ ಬಾಳಿಗೆ ಇದಕ್ಕಿಂತ ದೊಡ್ಡ ಗೆರೆ ಇನ್ನೊಂದಿಲ್ಲ.

ಇಷ್ಟೆಲ್ಲ ಬಗೆಯ ಎಲ್ಲೆಗಳಿರುವಾಗ ಅವುಗಳಲ್ಲಿ ಒಂದನ್ನು ಆರಿಸಿ ಕಾನೂನಿನ ಮುದ್ರೆ ಒತ್ತಿದರೆ ಏನಾಗುತ್ತದೆ? 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ಎಂಬ ವಿಧಿ ಸೇರಿತು. ಹಿಂದುಳಿದ ‘ಹೈದರಾಬಾದ್ ಕರ್ನಾಟಕ’ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ, ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯನ್ನೂ ಒದಗಿಸುವುದು ಅದರ ಉದ್ದೇಶ. ಹುಟ್ಟಿನಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರು ಸ್ಥಳೀಯರೆನಿಸುತ್ತಾರೆ. ಅಲ್ಲಿಯವರೆಗೆ ಮಾತಿನಲ್ಲಿದ್ದ ಸೀಮೆಗೆ ಇದರಿಂದ ನಿಖರವಾದ ಎಲ್ಲೆ ಬಂದಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಜಿಲ್ಲೆಗಳು ಅದರೊಳಗಾದವು.

ಈ ಪಟ್ಟಿಯನ್ನು ಗಮನವಿಟ್ಟು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ನಿಜಾಮನು ಬಳ್ಳಾರಿಯನ್ನು 1800ರಲ್ಲಿಯೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದನು. ಆ ಜಿಲ್ಲೆ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆದರೂ ‘ಹೈದರಾಬಾದ್ ಕರ್ನಾಟಕ’ವೆಂಬ ಹೆಸರಿನೊಳಗೆ ಅದು ಸೇರಿತು. ಏಕೆಂದರೆ ಇಲ್ಲಿ ಕೇಳಿದ ಪ್ರಶ್ನೆ ‘ಯಾರು ಆಳಿದ್ದರು?’ ಎಂಬುದಲ್ಲ, ‘ಯಾರಿಗೆ ನೆರವು ಬೇಕು?’ ಎಂಬುದು. ಹರಪನಹಳ್ಳಿಯ ಕಥೆ ಇನ್ನೂ ಬೋಧಪ್ರದವಾಗಿದೆ. ಆ ತಾಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ವರ್ಷ ಹೊಸದಾದ ದಾವಣಗೆರೆ ಜಿಲ್ಲೆಗೆ ಹೋಯಿತು. ಅಂದು ಅದು ಕೇವಲ ಆಡಳಿತದ ಅನುಕೂಲದ ಮಾತಾಗಿತ್ತು. ಆದರೆ 371(ಜೆ) ವಿಧಿ ಜಾರಿಗೆ ಬಂದಾಗ ಹರಪನಹಳ್ಳಿಯ ವಿದ್ಯಾರ್ಥಿಗಳು ಗೆರೆಯ ಹೊರಗೆ ಉಳಿದರು. ಪಕ್ಕದ ತಾಲೂಕಿನ ಗೆಳೆಯನಿಗೆ ದೊರೆಯುವ ಮೀಸಲಾತಿ ಅವರಿಗೆ ದೊರೆಯದಾಯಿತು. ಜನರ ಹೋರಾಟದ ಫಲವಾಗಿ 2018ರಲ್ಲಿ ಆ ತಾಲೂಕನ್ನು ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹರಪನಹಳ್ಳಿ ಅದರಲ್ಲಿ ಸೇರಿತು. ಪ್ರದೇಶದ ಜಿಲ್ಲೆಗಳು ಏಳಾದವು. ಭೂಪಟದ ಮೇಲಿನ ಒಂದು ಗೆರೆ ಎಷ್ಟು ಮನೆಗಳ ಭವಿಷ್ಯವನ್ನು ಬದಲಾಯಿಸಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗೆರೆಯೊಳಗಿನವರೆಲ್ಲರೂ ಬಡವರಲ್ಲ, ಹೊರಗಿನವರೆಲ್ಲರೂ ಸಿರಿವಂತರಲ್ಲ. ಈ ಸತ್ಯವನ್ನು ಮನಗಂಡು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ಸೀಮೆಗಳನ್ನು ಬಿಟ್ಟು ತಾಲೂಕುಗಳನ್ನೇ ಒಂದೊಂದಾಗಿ ಅಳೆಯಿತು. 2002ರಲ್ಲಿ ಅದು ಕೊಟ್ಟ ವರದಿಯಂತೆ ಅಂದಿನ 175 ತಾಲೂಕುಗಳಲ್ಲಿ 114 ಹಿಂದುಳಿದಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ದೇವದುರ್ಗವೂ ಒಂದು. ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 26 ಉತ್ತರ ಕರ್ನಾಟಕದಲ್ಲಿದ್ದರೆ, 13 ದಕ್ಷಿಣ ಕರ್ನಾಟಕದಲ್ಲಿಯೇ ಇದ್ದವು. ಬಡತನಕ್ಕೆ ಉತ್ತರ ದಕ್ಷಿಣಗಳೆಂಬ ದಿಕ್ಕಿನ ಕಟ್ಟಿಲ್ಲ. ಆದರೂ ಅದು ಒಂದು ಕಡೆ ಹೆಚ್ಚು ಒತ್ತಾಗಿ ಕೂಡಿಕೊಂಡಿದ್ದರೆ ಆ ಕಡೆಗೆ ಹೆಚ್ಚಿನ ಗಮನ ಹರಿಸುವುದು ನ್ಯಾಯ. ಸೀಮೆಯ ಗೆರೆಯನ್ನೂ ತಾಲೂಕಿನ ಅಂಕಿಯನ್ನೂ ಒಟ್ಟಿಗಿಟ್ಟು ನೋಡಿದಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ.

ಹೆಸರುಗಳ ಮಾತು ಒಂದು ಉಳಿದಿದೆ. ‘ಹೈದರಾಬಾದ್ ಕರ್ನಾಟಕ’ ಎಂಬ ಹೆಸರು ಈ ನಾಡನ್ನು ಅದನ್ನು ಆಳಿದವರ ರಾಜಧಾನಿಯ ಮೂಲಕ ಗುರುತಿಸುತ್ತಿತ್ತು. 2019ರಲ್ಲಿ ಸರ್ಕಾರವು ಅದನ್ನು ‘ಕಲ್ಯಾಣ ಕರ್ನಾಟಕ’ ಎಂದು ಬದಲಾಯಿಸಿತು. ಚಾಲುಕ್ಯರ ರಾಜಧಾನಿಯೂ ಶರಣರ ಕರ್ಮಭೂಮಿಯೂ ಆದ ಕಲ್ಯಾಣದ ನೆನಪು ಆ ಹೆಸರಿನಲ್ಲಿದೆ. ಒಳಿತು ಎಂಬ ಅರ್ಥವೂ ಅದರಲ್ಲಿದೆ. ಹೆಸರು ಬದಲಾದ ಮಾತ್ರಕ್ಕೆ ಹೊಲಕ್ಕೆ ನೀರು ಬರುವುದಿಲ್ಲ, ಶಾಲೆಗೆ ಶಿಕ್ಷಕರು ಬರುವುದಿಲ್ಲ. ಹಾಗೆಂದು ಹೆಸರು ವ್ಯರ್ಥವೂ ಅಲ್ಲ. ಬೇರೆಯವರು ಕೊಟ್ಟ ಹೆಸರನ್ನು ಬಿಟ್ಟು ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುವ ನಾಡು ತನ್ನ ಕಣ್ಣಿನಿಂದ ತನ್ನನ್ನು ನೋಡಿಕೊಳ್ಳಲು ಆರಂಭಿಸುತ್ತದೆ. ಒಳಿತೆಂಬ ಹೆಸರನ್ನು ಒಳಿತಿನ ಕೆಲಸದಿಂದ ಸಾರ್ಥಕಗೊಳಿಸುವ ಹೊಣೆಯೂ ಅದರೊಡನೆ ಬರುತ್ತದೆ.

ಎಡೆದೊರೆ ನಾಡಿನ ಎಲ್ಲೆ ಯಾವುದೆಂಬ ಪ್ರಶ್ನೆಗೆ ಹೀಗೆ ಒಂದೇ ಉತ್ತರವಿಲ್ಲ. ಭೂಗೋಳ ಕೇಳಿದರೆ ಎರಡು ನದಿಗಳು. ಚರಿತ್ರೆ ಕೇಳಿದರೆ ಕೋಟೆಗಳು. ಭಾಷೆ ಕೇಳಿದರೆ 1956ರ ಗೆರೆ. ರೈತ ಕೇಳಿದರೆ ಕಾಲುವೆ. ಸಂವಿಧಾನ ಕೇಳಿದರೆ ಜಿಲ್ಲೆಗಳ ಪಟ್ಟಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೊಂದೂ ಪೂರ್ಣವಲ್ಲ. ಎಲ್ಲೆ ಎಂಬುದು ಪ್ರಶ್ನೆಯೊಂದಕ್ಕೆ ಕೊಟ್ಟ ಉತ್ತರ. ಆದುದರಿಂದ ಯಾವುದೇ ಗೆರೆಯನ್ನು ಕಂಡಾಗ ಅದನ್ನು ಯಾರು ಎಳೆದರು, ಯಾವ ಪ್ರಶ್ನೆಗೆ ಉತ್ತರವಾಗಿ ಎಳೆದರು, ಅದರಿಂದ ಯಾರಿಗೆ ಹಿತವಾಯಿತು, ಯಾರು ಹೊರಗುಳಿದರು ಎಂದು ವಿಚಾರಿಸುವುದು ತಿಳಿದವರ ಲಕ್ಷಣ.

ವಿಜಯದಶಮಿಯ ಸಂಜೆ ರಾಯಚೂರು ಸೀಮೆಯ ಊರುಗಳಲ್ಲಿ ಜನರು ಊರ ಹೊರಗಿನ ಬನ್ನಿಮರದ ಬಳಿಗೆ ಹೋಗುತ್ತಾರೆ. ಸೀಮೋಲ್ಲಂಘನವೆಂದು ಆ ಆಚರಣೆಗೆ ಹೆಸರು. ಹಿರಿಯರು ಎಲ್ಲೆಯನ್ನು ಮರೆಯಬಾರದೆಂದು ಗಡಿಕಲ್ಲು ನೆಟ್ಟರು. ವರ್ಷಕ್ಕೊಮ್ಮೆಯಾದರೂ ಅದನ್ನು ದಾಟಬೇಕೆಂದು ಹಬ್ಬವನ್ನೂ ಮಾಡಿದರು. ಎಲ್ಲೆಯ ಆಚೆಯಿಂದ ಬನ್ನಿಯನ್ನು ತಂದು, ಎದುರಾದವರ ಕೈಗೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತಾರೆ. ಆ ಹೊತ್ತಿನಲ್ಲಿ ಎದುರಾದವರು ಯಾವ ಸೀಮೆಯವರೆಂದು ಯಾರೂ ಕೇಳುವುದಿಲ್ಲ.